ಮೀನಂಗಡಿ ಮುಂದಿನ ಸೈಕಲ್ಲು

ಸೈಕಲ್ಲಿಗೆ ಕಾರು ತಾಗಿದ ಸಂಗತಿಯನ್ನು ನಗುತ್ತ ಹೇಳಬಾರದು, ಹೇಳುತ್ತಿರುವುದಕ್ಕೆ ಕ್ಷಮೆಯಿರಲಿ. ಪೆಟ್ಟಾದದ್ದು ಒಂದು ಎಲೆಕೋಸಿಗೆ ಮತ್ತು ಹಿಂದಿನ ಮಡ್‌ಗಾರ್ಡಿಗೆ ಮಾತ್ರ. ಹಾಲೆಂಡಿನ ಡೆವೆಂಟರ್ ಊರಿನ ಸಂತೆಬೀದಿಯ ತಿರುವಿನಲ್ಲಿ ವೀಬೆಯ ಕಾರು ಮುಂದಿನ ಸೈಕಲ್ಲಿಗೆ ಮೆಲ್ಲನೆ ತಾಗಿತು. ಎಪ್ಪತ್ತು ದಾಟಿದ ಅಲೈಡಾ ಬೇಲಿಗಿಡಗಳ ಮೇಲೆ ಕುರ್ಚಿಯಲ್ಲಿ ಕೂತಂತೆ ಬಿದ್ದಳು.

ವೀಬೆ ಡ್ರೈವಿಂಗ್ ಕಲಿಸುವ ಮೇಷ್ಟ್ರು. ಕಾರು ನಿಲ್ಲಿಸು, ಬಿದ್ದವರನ್ನು ನೋಡು, ಹೆಸರು ವಿಳಾಸ ಕೊಡು, ಕೊಡದೆ ಹೊರಟರೆ ಅಪರಾಧ ಎಂದು ಇಪ್ಪತ್ತೆರಡು ವರ್ಷ ಶಿಷ್ಯರಿಗೆ ಬಾಯಿಪಾಠ ಮಾಡಿಸಿದವನು. ನಿಲ್ಲಿಸಿದ. ಕೈಕೊಟ್ಟು ಎಬ್ಬಿಸಿದ. ಅಪಘಾತದ ಫಾರಂ ತೆಗೆಯಲು ಕಾರಿನೊಳಗೆ ಬಗ್ಗಿ ಏಳುವಷ್ಟರಲ್ಲಿ ಅಲೈಡಾ ಸೈಕಲ್ ಹತ್ತಿ ಹೊರಟುಬಿಟ್ಟಿದ್ದಳು.

ಅವನು ಕಿಟಕಿ ಇಳಿಸಿಕೊಂಡು ಆಮೆಯ ಹಾಗೆ ಹಿಂದೆ ಹೋದ. "ಅಮ್ಮಾ, ನನ್ನ ಹೆಸರು ಬರ್ಕೊಳ್ಳಿ."

"ನಿನ್ನ ಹೆಸರು ಕಟ್ಕೊಂಡು ನಂಗೇನಾಗ್ಬೇಕು? ಹತ್ತಕ್ಕೆ ತಂಗಿ ಮನೇಲಿ ಕಾಫಿ. ತಡ ಆದ್ರೆ ಬಿಸ್ಕತ್ತಿನ ಡಬ್ಬ ಮುಚ್ಚಿಬಿಡ್ತಾಳೆ."

"ನೀವು ನಾಳೆ ಕಂಪ್ಲೇಂಟ್ ಕೊಟ್ರೆ ನನ್ನ ಲೈಸೆನ್ಸ್ ಹೋಗುತ್ತೆ. ಹೊಟ್ಟೆಪಾಡು ಅದರಲ್ಲೇ ಇರೋದು. ವಿಳಾಸನಾದ್ರೂ ತಗೊಳ್ಳಿ."

"ಕಾರಿನ ತಲೆ ಮೇಲೇ ಬರೆದಿದೆಯಲ್ಲ ಮೇಷ್ಟ್ರೇ, ಬೀದಿಯೆಲ್ಲ ಓದ್ತಾ ಇದೆ."

ನಿಜ. ಮುದುಕಿಯೊಬ್ಬಳ ಬೆನ್ನುಹತ್ತಿದ ಡ್ರೈವಿಂಗ್ ಶಾಲೆಯ ಬೋರ್ಡನ್ನು ಎರಡೂ ಕಡೆಯವರು ನಿಂತು ಓದುತ್ತಿದ್ದರು.

ತಂಗಿಯ ಮನೆ ಬಾಗಿಲಲ್ಲಿ ಅಂತೂ ಅವಳು ಸಿಕ್ಕಳು. ವೀಬೆ ಫಾರಂ ಬಿಚ್ಚಿ, ಸೈಕಲ್ಲಿನ ಒಂದೊಂದೇ ಭಾಗ ಪರೀಕ್ಷಿಸಿ ಗುರುತು ಹಾಕಿದ. ಕೊನೆಗೆ ಬೆಲ್ ಒತ್ತಿದ. ಅದು ಸೊಗಸಾಗಿ ಕಿಣಿಕಿಣಿ ಅಂದಿತು.

ಅಲೈಡಾ ತಾನೂ ಒಮ್ಮೆ ಒತ್ತಿದಳು. "ನನ್ನ ಬೆಲ್ಲು ಹೀಗೆ ಹೊಡೆಯಲ್ಲ. ಕೆಮ್ಮುತ್ತೆ."

ಇಬ್ಬರೂ ಬಗ್ಗಿ ನೋಡಿದರು. ಕಪ್ಪು ಸೈಕಲ್ಲು, ಮುಂದೆ ಬುಟ್ಟಿ. ಊರಿನ ಅರ್ಧ ಸೈಕಲ್ಲುಗಳು ಹಾಗೆಯೇ. ಮೀನಂಗಡಿ ಮುಂದೆ ಐದೇ ನಿಮಿಷ ಅಂತ ಬೀಗ ಹಾಕದೆ ನಿಲ್ಲಿಸಿದ್ದಳು. ಪಕ್ಕದ ಸೈಕಲ್ಲಿನವರೂ ಹಾಗೆಯೇ ನಿಲ್ಲಿಸಿದ್ದಿರಬೇಕು; ಅವಸರದಲ್ಲಿ ಅದನ್ನೇ ಹತ್ತಿ ಬಂದಿದ್ದಳು.

"ಆ ಫಾರಂ ಹರಿದ್ಹಾಕಪ್ಪ," ಎಂದಳು ಮೆಲ್ಲಗೆ. "ನಂಗೇನೂ ಆಗಿಲ್ಲ."

"ಸೈಕಲ್ಲಿಗೆ ಆಗಿದೆಯಲ್ಲಮ್ಮ. ಅದರ ಯಜಮಾನರಿಗೆ ತಿಳಿಸ್ಬೇಕು, ಕಾನೂನು."

"ಕಳ್ಳಿ ಅಂತ ಬರೀತೀಯಾ?"

"ಓಡಿಸ್ತಿದ್ದೋರು ಅಂತ ಬರೀತೀನಿ. ಅಷ್ಟಕ್ಕೇ ಜಾಗ ಇರೋದು."

ಒಳಗೆ ಡಬ್ಬದ ಮುಚ್ಚಳ ಟಪ್ಪೆಂದಿತು. ಅಲೈಡಾ ನಿಟ್ಟುಸಿರು ಬಿಟ್ಟು ಸೈಕಲ್ ತಿರುಗಿಸಿದಳು.

ಮೀನಂಗಡಿ ಮುಂದೆ ಇಪ್ಪತ್ತು ಮೂವತ್ತು ಕಪ್ಪು ಸೈಕಲ್ಲುಗಳಿದ್ದವು. ಇಬ್ಬರೂ ಒಂದೊಂದರ ಬೆಲ್ಲನ್ನೂ ಒತ್ತುತ್ತ ಹೋದರು. ಯಾವುದೂ ಕೆಮ್ಮಲಿಲ್ಲ. ಸೈಕಲ್ ಕಳೆದುಕೊಂಡವರು ಯಾರಾದರೂ ಬಂದಿದ್ದರೇ ಎಂದರೆ, ಮೀನಿನವನಿಗೂ ಗೊತ್ತಿಲ್ಲ. ವೀಬೆ ಫಾರಮನ್ನು ಹ್ಯಾಂಡಲ್ಲಿಗೆ ಕಟ್ಟಿದ: ಹೆಸರು, ವಿಳಾಸ, ಫೋನು, ತಾಗಿದ ಸಮಯ. ಕೆಳಗೆ ಅಲೈಡಾ ಸಹಿ ಹಾಕಿ, ಬುಟ್ಟಿಯಿಂದ ಜಜ್ಜಿದ ಎಲೆಕೋಸನ್ನು ಎತ್ತಿಕೊಂಡಳು.

"ಮೇಷ್ಟ್ರೇ," ಎಂದಳು, "ನನ್ನ ಸೈಕಲ್ಲಿಗೂ ನಿನ್ನಂಥೋನು ಯಾರಾದ್ರೂ ಗುದ್ದಿದ್ರೆ ಚೆನ್ನಾಗಿರ್ತಿತ್ತು. ವಿಳಾಸ ಕೊಡೋಕಾದ್ರೂ ಹುಡುಕ್ಕೊಂಡು ಬರ್ತಿದ್ದ."

ಯಾರಾದರೂ ಗುದ್ದಿದರೋ ಇಲ್ಲವೋ, ಕೊನೆಗೂ ತಿಳಿಯಲಿಲ್ಲ.