ಕಂಸದೊಳಗಿನ ನಾಲ್ಕು

"ಸಾಬ್ರ, ಮಾತು ಮುಗದ ಮ್ಯಾಲ ಕಂಸದಾಗ ನಾಲ್ಕು ಅಂತ ಯಾಕ ಬರದೀರಿ?"

ಸವಣೂರಿನ ಹುಸೇನಸಾಬರ ಎಲೆ ಅಂಗಡಿಯ ಮುಂದೆ ಸ್ಕೂಟಿ ನಿಲ್ಲಿಸಿದ ಹೆಣ್ಣುಮಗಳು ಹೆಲ್ಮೆಟ್ಟನ್ನೂ ತೆಗೆಯದೆ ಕೇಳಿದ ಮೊದಲ ಮಾತೇ ಇದು. ವೀಳ್ಯದೆಲೆ ಎಣಿಸುತ್ತಿದ್ದ ಹುಸೇನಸಾಬರಿಗೆ ಲೆಕ್ಕ ತಪ್ಪಿತು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಎಲೆ ಬೆಳೆಗಾರರೆಲ್ಲ ಸೇರಿದ ವಾಟ್ಸಾಪ್ ಗುಂಪಿನಲ್ಲಿ ಯಾರು ಏನು ಕೇಳಿದರೂ ಉತ್ತರ ಕೊಡುವವರು ಅವರೇ. ಅದೂ ಎಂಥ ಉತ್ತರ! ಎಲೆ ಯಾಕೆ ಖಾರ ಎಂದು ಚಿಕ್ಕೇರೂರಿನ ಗುತ್ತೆಪ್ಪ ಕೇಳಿದರೆ, "ಎಲೆಯ ಕಟುರುಚಿಗೆ ಅದರಲ್ಲಿರುವ ಬಾಷ್ಪಶೀಲ ತೈಲಗಳು ಕಾರಣವಾಗಿವೆ[೪]" ಎಂದು ಎರಡೇ ನಿಮಿಷದಲ್ಲಿ ಬಂದುಬಿಡುತ್ತಿತ್ತು. ಐದನೇ ಇಯತ್ತೆಗೆ ಶಾಲೆ ಬಿಟ್ಟ ಮನುಷ್ಯನನ್ನು ಮುನ್ನೂರು ಮಂದಿ "ಪ್ರೊಫೆಸರ್ ಸಾಬ್ರು" ಎಂದು ಕರೆಯತೊಡಗಿ ವರ್ಷವಾಗಿತ್ತು.

ಕಂಸದ ಪ್ರಶ್ನೆ ಗುಂಪಿನಲ್ಲೂ ಒಮ್ಮೆ ಎದ್ದಿತ್ತು. ಅದೇನೆಂದು ಹುಸೇನಸಾಬರಿಗೂ ಗೊತ್ತಿರಲಿಲ್ಲ. ಆದರೆ ಪ್ರೊಫೆಸರ್ ಆದವರು ಗೊತ್ತಿಲ್ಲ ಎನ್ನಲಾದೀತೆ? "ಅದು ಮಾತಿನ ವಜನ್, ಅಂದ್ರ ತೂಕ. ಅಂಕಿ ದೊಡ್ಡದಾದಷ್ಟು ಮಾತು ಗಟ್ಟಿ" ಎಂದುಬಿಟ್ಟಿದ್ದರು. ಅಂದಿನಿಂದ ಗುಂಪಿಗೆ ಗುಂಪೇ ವಜನ್ ಹಾಕತೊಡಗಿತ್ತು. "ನಾಳೆ ಕರೆಂಟ್ ಇರೂದಿಲ್ಲ[೬]." "ನಮ್ಮ ಎಮ್ಮಿ ಈದೈತಿ[೯]." ತಿಳವಳ್ಳಿಯ ಹೊಳೆವ್ವನಂತೂ ಮಗಳ ನಿಶ್ಚಯದ ಸುದ್ದಿಗೆ ನೂರಾ ಎಂಟು ಹಾಕಿದ್ದಳು.

"ಅದು... ವಜನ್ ರೀ," ಎಂದರು ಹುಸೇನಸಾಬರು, ದನಿ ಇಳಿಸಿ.

ಹೆಣ್ಣುಮಗಳು ಹೆಲ್ಮೆಟ್ ತೆಗೆದಳು. "ನಾ ಮಾದೇವಿ ರೀ. ಆಡೂರಿನಾಕಿ, ಹಾನಗಲ್ಲದಾಗ ಸಾಲಿ ಕಲಸ್ತೇನಿ. ನಮ್ಮಪ್ಪನ ಫೋನಿನ್ಯಾಗ ನಿಮ್ಮ ಗುಂಪು ನೋಡಿದೆ. ಅದು ವಜನ್ ಅಲ್ರಿ. ಮಾತು ಯಾವ ಪುಸ್ತಕದಿಂದ ಬಂತು ಅಂತ ಕೆಳಗ ಪಟ್ಟಿ ಇರತೈತಿ, ಅದರ ನಂಬರ್. ಇಂಟರ್ನೆಟ್ಟಿನ ವಿಶ್ವಕೋಶದಾಗ ಆ ನಾಲ್ಕು ಹಾಕಿದಾಕಿ ನಾನ. ಎಲಿ ಬಗ್ಗೆ ಆ ಇಡೀ ಪುಟ ಬರದಾಕಿನೂ ನಾನ. 'ಬಾಷ್ಪಶೀಲ' ಅನ್ನಲೋ, 'ಆವಿಯಾಗುವ' ಅನ್ನಲೋ ಅಂತ ಎರಡು ದಿನ ಒದ್ದಾಡೇನಿ."

ಹುಸೇನಸಾಬರ ಬಾಯಲ್ಲಿದ್ದ ಎಲೆ ಒಮ್ಮೆಲೇ ಸಪ್ಪಗಾಯಿತು. ಸಂಜೆಯೊಳಗೆ ಮುನ್ನೂರು ಫೋನುಗಳಲ್ಲಿ ತಮ್ಮ ಮಾನ ಹೋಗುವುದು ಅವರಿಗೆ ಕಣ್ಣಿಗೆ ಕಟ್ಟಿತು. "ಕದ್ದದ್ದು ಖರೆ ಅಕ್ಕಾರ. ಮಂದಿ ಕೇಳತಾರ, ನನಗ ಗೊತ್ತಿಲ್ಲ ಅನ್ನಾಕ ನಾಚಿಕಿ. ಬಟ್ಟು ಒತ್ತಿ ಹಿಡದ್ರ ಕಾಪಿ ಆಗತೈತಿ, ಬಿಟ್ರ ಪ್ರೊಫೆಸರ್ ಆಗತೇನಿ. ಗುಂಪಿನ್ಯಾಗ ಮಾತ್ರ ಹೇಳಬ್ಯಾಡ್ರಿ."

ಬೈಗುಳ ಬರುತ್ತದೆಂದು ಅವರು ತಲೆ ತಗ್ಗಿಸಿದರೆ, ಮಾದೇವಿ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತು ನಗತೊಡಗಿದಳು. "ಆರು ವರ್ಷ ಆತ್ರಿ ನಾ ಬರಿಯಾಕತ್ತಿ. ನಮ್ಮನ್ಯಾಗ ಸೈತ ಒಬ್ಬರೂ ಓದಿಲ್ಲ. ನೀವು ಮುನ್ನೂರು ಮಂದಿಗೆ ಓದಿಸೀರಿ! ನಿನ್ನೆ ಗುತ್ತೆಪ್ಪ ಕಾಕಾ ನಮ್ಮಪ್ಪಗ ಫೋನ್ ಮಾಡಿ, 'ನಮ್ಮ ತ್ವಾಟದಾಗ ಬಾಷ್ಪಶೀಲ ಕಡಿಮಿ ಆಗೇತಿ, ಯಾವ ಗೊಬ್ಬರ ಹಾಕಲಿ' ಅಂತ ಕೇಳಾಕತ್ತಿದ್ರು!"

ನಗು ಹುಸೇನಸಾಬರಿಗೂ ಅಂಟಿತು. ಕಣ್ಣಲ್ಲಿ ನೀರು ಬರುವ ತನಕ ನಕ್ಕ ಮೇಲೆ ಮಾದೇವಿ ಹೇಳಿದಳು: "ಕಾಪಿ ಮಾಡ್ರಿ, ಅದು ಎಲ್ಲಾರದೂ. ಆದ್ರ ಎಲ್ಲಿಂದ ತಂದದ್ದು ಅನ್ನೂದು ಹೇಳಾಕ ಬೇಕು. ಚಿಕ್ಕೇರೂರ ಎಲಿನ ಸವಣೂರ ಎಲಿ ಅಂತ ಮಾರತೀರೇನು?"

"ತೋಬಾ! ನಲವತ್ತು ವರ್ಷದಾಗ ಒಮ್ಮೆನೂ ಇಲ್ಲ. ಕಣ್ಣು ಮುಚ್ಚತೇನಿ, ಕೈಯಾಗ ಎಲಿ ಇಡ್ರಿ, ಯಾರ ತ್ವಾಟದ್ದು ಹೇಳತೇನಿ."

ಮಾದೇವಿ ಬಿಡಲಿಲ್ಲ. ಬೆಳೆಗಾರರ ಹೆಸರಿನ ಚೀಟಿ ಇದ್ದ ಬುಟ್ಟಿಗಳಿಂದ ಒಂದೊಂದೇ ಎಲೆ ಎತ್ತಿ ಅವರ ಅಂಗೈಗಿಟ್ಟಳು. ಅವರು ತೊಟ್ಟು ಮುರಿದು ಮೂಗಿಗೆ ಹಿಡಿದರು. "ಇದು ಬಾವಿ ನೀರಿಂದು, ಮುರದ್ರ ಟಕ್ ಅಂತೈತಿ. ಇದು ಕೆರಿ ನೀರಿಂದು, ಬಾಗತೈತಿ. ಇದು ಮುದಿ ಬಳ್ಳಿದು, ಮೊದಲ ವಾಸನಿ, ಆಮ್ಯಾಲ ಖಾರ. ಇದು ಎಳಿ ಬಳ್ಳಿ, ಹೊಸಾ ಕಂಡಕ್ಟರ್ ಇದ್ದಂಗ, ಬಂದ ಕೂಡಲೇ ಖಾರ!" ಎಂಟಕ್ಕೆ ಎಂಟೂ ತೋಟಗಳ ಹೆಸರು ಹೇಳಿ ಕಣ್ಣು ತೆರೆದರು. ಮಾದೇವಿ ಕಟ್ಟೆಯಿಂದ ಇಳಿದು ಚಪ್ಪಾಳೆ ತಟ್ಟುತ್ತಿದ್ದಳು.

"ಇದನ್ನೂ ನಿಮ್ಮ ವಿಶ್ವಕೋಶಕ್ಕ ಹಾಕಿಬಿಡ್ರಿ ಅಕ್ಕಾರ."

"ಹಾಕಾಕ ಬರೂದಿಲ್ರಿ. ಅದಕ್ಕ ಅಚ್ಚಾದ ಪುಸ್ತಕ ಬೇಕು. ನಿಮ್ಮ ಮೂಗು ಆಧಾರ ಅಂತ ಹಾಕಿದ್ರ ಅಳಿಸಿ ಒಗೀತಾರ."

"ಅಂದ್ರ ಬಾಷ್ಪಶೀಲಕ್ಕ ಜಾಗ ಐತಿ, ನನ್ನ ಮೂಗಿಗಿಲ್ಲ?"

"ಗುಂಪಿನ್ಯಾಗ ಐತೆಲ್ರಿ," ಎಂದಳು ಮಾದೇವಿ.

ಹುಸೇನಸಾಬರು ಫೋನು ತೆಗೆದು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಮೊದಲು: "ಇಲ್ಲೀತನಕ ನಾ ಹಾಕಿದ್ದು ವಿಶ್ವಕೋಶದ್ದು. ಎಲಿ ಬಗ್ಗೆ ಬರದವರು ಮಾದೇವಿ ಟೀಚರ್. ಕಂಸ ಅಂದ್ರ ವಜನ್ ಅಲ್ಲ. ಮಾಫ್ ಮಾಡ್ರಿ." ಅದರ ಕೆಳಗೆ ಬಾವಿ ನೀರು, ಕೆರೆ ನೀರು, ಮುದಿ ಬಳ್ಳಿ, ಎಳಿ ಬಳ್ಳಿ, ಕಂಡಕ್ಟರ್ ಎಲ್ಲವನ್ನೂ ಬಾಯಿಗೆ ಬಂದ ಹಾಗೇ ಬರೆದು, ಬಿಸ್ಮಿಲ್ಲಾ ಎಂದು ಕಳಿಸಿದರು.

ಹುಸೇನಸಾಬರು ಎಲೆ ಎಣಿಸುವುದನ್ನೂ ಬಿಟ್ಟು ಫೋನು ನೋಡುತ್ತ ಕೂತರು. ಕಡೆಗೆ ಗುತ್ತೆಪ್ಪನ ಮಾತು ಬಂತು: "ಹಳೇವು ಹೋಗ್ಲಿ ಬಿಡ್ರಿ ಸಾಬ್ರ, ಖರೆ ಹೇಳಬೇಕಂದ್ರ ಒಂದೂ ತಿಳೀತಿರಲಿಲ್ಲ. ಈ ಕಂಡಕ್ಟರಂದು ಯಾರು ಬರದಾರ? ಭಾಳ ಶಾಣ್ಯಾ ಮನಿಷ್ಯಾ ಅದಾರ. ಅವರ ನಂಬರ್ ಕಳಸ್ರಿ."

ಹುಸೇನಸಾಬರು ಅದನ್ನು ಮೂರು ಸಲ ಓದಿದರು. ಕಿವಿಯ ತನಕ ಕೆಂಪಾಗಿ ಒಂಬತ್ತು ಒತ್ತಿದರು, ಎಂಟು ಒತ್ತಿದರು, ಮುಂದಿನ ಅಂಕಿ ನೆನಪಾಗದೆ ಫೋನನ್ನು ಮಾದೇವಿಯ ಕೈಗಿಟ್ಟರು.

"ಅಕ್ಕಾರ, ಒಂದೀಟು ನೋಡಿ ಹೇಳ್ರಿ, ನನ್ನ ನಂಬರ್ ಎಷ್ಟೈತಿ?"