ಅವ್ವ ಆರಿಸಿದ ತಗಡಿನ ಗೂಡು

ಎಲ್ಲಾದರೂ ಕಬ್ಬಿಣಕ್ಕೆ ಬಳಿದ ಹಸಿ ಬಣ್ಣದ ವಾಸನೆ ಬಂದರೆ, ಇಳಕಲ್ಲಿನ ಆ ಮಧ್ಯಾಹ್ನ ಈಗಲೂ ನನಗೆ ನೆನಪಾಗುತ್ತದೆ.

ಕುರಿ ಹಿಂಡಿನೊಂದಿಗೆ ಊರೂರು ಅಲೆಯುತ್ತಿದ್ದ ಅಪ್ಪ ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡಿದ್ದ. ಅದರ ಹಿಂಬದಿಗೆ ಮೇಲ್ಮುಚ್ಚಿಗೆ ಕೂಡಿಸಲು ಅವ್ವನನ್ನೂ ನನ್ನನ್ನೂ ಕರೆದುಕೊಂಡು ವೆಲ್ಡಿಂಗ್ ಅಂಗಡಿಗೆ ಬಂದಿದ್ದ. ಅಂಗಳದಲ್ಲಿ ಎರಡು ಸಿದ್ಧವಿದ್ದವು. ಒಂದು ಮರಿಗಳನ್ನು ಎರಡು ಅಂತಸ್ತಿನಲ್ಲಿ ತುಂಬುವ ಜಾಲರಿಯ ಪಂಜರ, ಇನ್ನೊಂದು ಕಿಟಕಿಯಿದ್ದ ತಗಡಿನ ಗೂಡು.

"ಪಂಜರಾನ ಇರ್ಲಿ. ಮರಿ ಭಾಳ ಹಿಡಿಸ್ತಾವ," ಎಂದ ಅಪ್ಪ.

"ನಾ ಎಲ್ಲಿ ಮಲಗ್ಲಿ?" ಎಂದಳು ಅವ್ವ.

"ಇಷ್ಟ ದಿನ ಎಲ್ಲಿ ಮಲಗ್ತಿದ್ದಿ?"

"ಬಯಲಾಗ."

ಅಷ್ಟೇ ಅಂದು, ಅವಳು ಚಪ್ಪಲಿ ಕಳಚಿ ತಗಡಿನ ಗೂಡಿನೊಳಗೆ ಹೋದಳು. ಕಾಲು ಚಾಚಲು ಆಗುತ್ತದೋ ಇಲ್ಲವೋ ನೋಡಲು ಗೋಣಿಚೀಲದ ಮೇಲೆ ಅಡ್ಡಾದಳು. ಪಕ್ಕದಲ್ಲಿ ಗ್ರಾನೈಟ್ ಕೊಯ್ಯುವ ಯಂತ್ರ ಕಿರುಚುತ್ತಲೇ ಇತ್ತು. ನಾನು ಇಣುಕುವಷ್ಟರಲ್ಲಿ ಅವ್ವನಿಗೆ ನಿದ್ದೆ ಹತ್ತಿತ್ತು. ಬಾಯಿ ತುಸು ತೆರೆದಿತ್ತು. ಒಡೆದ ಹಿಮ್ಮಡಿಗಳಲ್ಲಿ ಕೆಮ್ಮಣ್ಣು ತುಂಬಿತ್ತು.

ಅಪ್ಪನೂ ಬಂದು ಇಣುಕಿದ. ಅವಳ ಹಿಮ್ಮಡಿಗಳನ್ನು ನೋಡಿದ.

"ಅಕ್ಕಾರನ್ನ ಎಬ್ಬಸ್ರಿ, ಪಂಜರ ಏರಸೂಣು," ಎಂದ ಅಂಗಡಿಯವನು.

"ಪಂಜರ ಬ್ಯಾಡ್ರಿ. ಇದನ್ನ ಏರಸ್ರಿ," ಎಂದ ಅಪ್ಪ, ದನಿ ತಗ್ಗಿಸಿ. "ಈಗಲ್ಲ. ಆಕಿ ಎದ್ದ ಮ್ಯಾಲ."

ಆಮೇಲೆ ತಲೆಯ ರುಮಾಲು ಬಿಚ್ಚಿ, ಅವ್ವನ ಮುಖದ ಮೇಲೆ ಬಿಸಿಲು ಬೀಳದಂತೆ ಕಿಟಕಿಗೆ ಅಡ್ಡ ಹಿಡಿದು ನಿಂತುಕೊಂಡ.