ಚಂದ್ರನಿಗೆ ಕೊಡದ ಎಳೆ

ಕಲ್ಲಿನ ಹುಡಿ ಮೆತ್ತಿದ ಬಟ್ಟೆಯ ವಾಸನೆ ಬಂದರೆ ಇಂದಿಗೂ ನನಗೆ ಆ ಸಂಜೆ ನೆನಪಾಗುತ್ತದೆ.

ಅಪ್ಪ ತೀರಿಕೊಂಡ ಮೇಲಿನ ಮೊದಲ ಅಮಾವಾಸ್ಯೆ ಕಳೆದಿತ್ತು. ಶಹಾಬಾದಿನ ನಮ್ಮ ಮನೆಯ ಮಾಳಿಗೆ ಮೇಲೆ, ಅಪ್ಪನ ತಾಯಿ, ನಮ್ಮಜ್ಜಿ, ನನಗೆ ತೆಳ್ಳನೆಯ ಚಂದ್ರನನ್ನು ತೋರಿಸಿದಳು.

"ಉಟ್ಟ ಅರಿವ್ಯಾಗಿಂದು ಒಂದೆಳಿ ಕಿತ್ತು ಚಂದ್ರಪ್ಪಗ ಕೊಡು. ಹಳೇದು ತಗೊಂಡು ಹೊಸಾದು ಕೊಡಪ್ಪಾ ಅಂತ ಕೇಳು."

ನಾನು ಲಂಗದ ಅಂಚಿನ ಎಳೆ ಕಿತ್ತು ಮೇಲಕ್ಕೆ ಊದಿದೆ.

ಅಷ್ಟರಲ್ಲಿ ಅವ್ವ ಕಲ್ಲಿನ ಗಣಿಯಿಂದ ಬಂದಳು. ಸೀರೆಯ ಮೇಲೆ ಅಪ್ಪನ ಅಂಗಿ ತೊಟ್ಟಿದ್ದಳು. ಅದರ ತೋಳು ಹರಿದಿತ್ತು. ಅವಳಿಗೂ ಹೊಸದು ಸಿಗಲೆಂದು ನಾನು ಅದರ ಎಳೆಯೊಂದನ್ನು ಜಗ್ಗಿದೆ.

ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಇದರದ್ದು ಬ್ಯಾಡ. ಇದು ಹಳೇದೇ ಇರ್ಲಿ."

ಅಜ್ಜಿ ಹತ್ತಿರ ಬಂದಳು. ನಾನು ಅರ್ಧ ಜಗ್ಗಿದ್ದ ಎಳೆಯನ್ನು ಮಗನ ಅಂಗಿಯೊಳಗೇ ಮೆಲ್ಲಗೆ ತಿರುಗಿ ಸಿಕ್ಕಿಸಿದಳು.